ಸ್ಪರ್ಧೆಗೋ, ಗೋಷ್ಠಿಗೋ, ಉತ್ಸವಕ್ಕೋ? ಸಂಗೀತ ಕಲಿಯುವ ಮಕ್ಕಳಿಗೆ ವೇದಿಕೆ ಆರಿಸುವ ಬಗೆ

ಮಗು ಗೀತೆ ಮುಗಿಸಿ ವರ್ಣಕ್ಕೆ ಕಾಲಿಟ್ಟರೆ ಸಾಕು, ಮನೆಗೆ ಆಹ್ವಾನಗಳು ಬರತೊಡಗುತ್ತವೆ. ವಾಟ್ಸಾಪ್ ಗುಂಪಿಗೆ ಯಾರೋ ಸ್ಪರ್ಧೆಯ ಪೋಸ್ಟರ್ ಹಾಕುತ್ತಾರೆ. ಬಡಾವಣೆಯ ಗಣಪತಿ ಪೆಂಡಾಲಿನವರು "ನಿಮ್ಮ ಮಗಳು ಹಾಡ್ತಾಳಂತಲ್ಲ, ಬುಧವಾರ ಅರ್ಧ ಗಂಟೆ ಕೊಡ್ತೀವಿ" ಅನ್ನುತ್ತಾರೆ. ಪಾಠದ ಮೇಡಂ ತ್ಯಾಗರಾಜರ ಆರಾಧನೆಗೆ ಎಲ್ಲರೂ ಬರಲೇಬೇಕು ಅಂತ ತಾಕೀತು ಮಾಡುತ್ತಾರೆ. ಇನ್ನೊಂದು ಕಡೆ ಸಂಗೀತದ ಜೂನಿಯರ್ ಪರೀಕ್ಷೆಯ ಅರ್ಜಿ. ಎಲ್ಲಕ್ಕೂ ಹೂಂ ಅಂದರೆ ಮಗುವಿಗೆ ಅಭ್ಯಾಸ ಮಾಡಲು ಪುರುಸೊತ್ತೇ ಇರುವುದಿಲ್ಲ.

ಹಾಗಾಗಿ ಯಾವುದು ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಗೋಷ್ಠಿ ಗಾಯನ, ಅಂದರೆ ಎಲ್ಲರೂ ಸೇರಿ ಹಾಡುವುದು, ಮೊದಲು, ಸ್ಪರ್ಧೆ ಆಮೇಲೆ. ಹನ್ನೆರಡು ದಾಟಿದವರಿಗೆ ವರ್ಷಕ್ಕೆ ಎರಡೋ ಮೂರೋ ಸ್ಪರ್ಧೆ ಒಳ್ಳೆಯದೇ. ಆದರೆ ಪಕ್ಕವಾದ್ಯದ ಜೊತೆ ಕೂತು ಹಾಡುವ ಅವಕಾಶ ಯಾವತ್ತು ಸಿಕ್ಕರೂ ಬಿಡಬೇಡಿ. ಅದೇ ದಿನ ಸ್ಪರ್ಧೆ ಇದ್ದರೆ ಸ್ಪರ್ಧೆಯನ್ನೇ ಬಿಡಿ.

ಸ್ಪರ್ಧೆಯ ಕೋಣೆಯಲ್ಲಿ

ಒಂದು ಶಾಲೆಯ ತರಗತಿ, ಇಲ್ಲವೇ ಸಂಗೀತ ಸಭೆಯ ಚಿಕ್ಕ ಹಾಲ್. ಮೇಜಿನ ಹಿಂದೆ ಇಬ್ಬರೋ ಮೂವರೋ ತೀರ್ಪುಗಾರರು. ಮಗುವಿನ ಕೈಯಲ್ಲಿ ನಂಬರಿನ ಚೀಟಿ. ಹೆಸರು ಹೇಳುವಂತಿಲ್ಲ, ಗುರುಗಳ ಹೆಸರಂತೂ ಹೇಳಲೇಬಾರದು. ಮೊಬೈಲಿನಲ್ಲಿ ತಂಬೂರಿ ಹಾಕಿ ಚಾಪೆಯ ಮೇಲೆ ಕೂತರೆ "ಏನೇನು ತಯಾರಿ ಇದೆ ಪುಟ್ಟಿ?" ಅಂತ ಪಟ್ಟಿ ನೋಡುತ್ತಾರೆ. "ಕಲ್ಯಾಣಿದು ಹಾಡು." ಪಲ್ಲವಿ ಎತ್ತಿಕೊಂಡು ಮೂರನೇ ಸಂಗತಿ (ಅದೇ ಸಾಲನ್ನು ಬದಲಿಸಿ ಹಾಡುವ ಬಗೆ) ಮುಗಿಯುವಷ್ಟರಲ್ಲಿ "ಸಾಕಮ್ಮ, ಚರಣದಿಂದ ಎತ್ಕೋ." ಏಳೆಂಟು ನಿಮಿಷಕ್ಕೆ ಎಲ್ಲಾ ಮುಗಿಯಿತು. ಹೊರಗೆ ಕಾರಿಡಾರಿನಲ್ಲಿ ಅಪ್ಪಂದಿರು ಅಮ್ಮಂದಿರು ಬಾಗಿಲಿಗೆ ಕಿವಿ ಕೊಟ್ಟು ನಿಂತಿರುತ್ತಾರೆ.

ಈ ಏಳೆಂಟು ನಿಮಿಷದಲ್ಲಿ ಏನನ್ನು ಅಳೆಯಲು ಸಾಧ್ಯ? ಶ್ರುತಿ ನಿಂತಿದೆಯೇ, ತಾಳ ಓಡಿದೆಯೇ, ಪಾಠಾಂತರ (ಗುರುಗಳಿಂದ ಕಲಿತ ರೂಪ) ಶುದ್ಧವಾಗಿದೆಯೇ, ಸಾಹಿತ್ಯದ ಉಚ್ಚಾರಣೆ ಸರಿಯೇ, ಇಷ್ಟು. ಇದು ಸಣ್ಣ ವಿಷಯವೇನಲ್ಲ. ಚರಣದಿಂದ ಎತ್ಕೋ ಅಂದ ತಕ್ಷಣ ಎತ್ತಿಕೊಳ್ಳುವುದು ಎಷ್ಟೋ ಮಕ್ಕಳಿಗೆ ಆಗುವುದಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹಾಡಿ ಅಭ್ಯಾಸ, ಮಧ್ಯದಲ್ಲಿ ಕೈ ಇಟ್ಟರೆ ಎಲ್ಲಾ ಕಲಸಿಹೋಗುತ್ತದೆ. ಸ್ಪರ್ಧೆಗೆ ತಯಾರಾದ ಮಗು ಕೃತಿಯನ್ನು ಎಲ್ಲಿಂದ ಬೇಕಾದರೂ ಎತ್ತಿಕೊಳ್ಳುವಷ್ಟು ಅರೆದು ಕುಡಿದಿರುತ್ತದೆ. ಆ ತಯಾರಿಯೇ ದೊಡ್ಡ ಲಾಭ. ಬಹುಮಾನ ಬಂದರೆ ಸಂತೋಷ.

ಅಳೆಯಲು ಆಗದ್ದೂ ತುಂಬಾ ಇದೆ. ಒಂದು ಗಂಟೆ ದನಿಯನ್ನು ಹದವಾಗಿ ಕಾಪಾಡಿಕೊಳ್ಳುವುದು, ಪಿಟೀಲಿನವರು ಆಲಾಪನೆ ನುಡಿಸುವಾಗ ಸುಮ್ಮನೆ ಕೂತು ಕೇಳುವುದು, ಮುಂದಿನ ಕೃತಿಗೆ ಯಾವ ರಾಗ, ಯಾವ ಕಾಲ ಅಂತ ಯೋಚಿಸುವುದು. ಇವೆಲ್ಲ ಕಚೇರಿಯ ವಿದ್ಯೆ. ಎಲ್ಲಾ ಸ್ಪರ್ಧೆಗಳಲ್ಲೂ ಗೆದ್ದ ಮಗು ಮೊದಲ ಕಚೇರಿಯಲ್ಲಿ ಇಪ್ಪತ್ತನೇ ನಿಮಿಷಕ್ಕೆ ಗಂಟಲು ಒಣಗಿಸಿಕೊಂಡು ಕೂರುವುದು ಹೊಸದೇನಲ್ಲ.

ಸ್ಪರ್ಧೆಗಳಲ್ಲೂ ಬಗೆಬಗೆ ಇವೆ. ಒಬ್ಬ ವಾಗ್ಗೇಯಕಾರರ (ಹಾಡು ಕಟ್ಟಿದವರ) ರಚನೆಗಳಿಗೇ ಮೀಸಲಾದವು ನನ್ನ ಮೆಚ್ಚಿನವು. ದಾಸರ ಪದ, ಮುತ್ತುಸ್ವಾಮಿ ದೀಕ್ಷಿತರ ಕೃತಿ, ಮೈಸೂರು ವಾಸುದೇವಾಚಾರ್ಯರ ಕೃತಿ, ಹೀಗೆ. ಐದಾರು ಹೊಸ ರಚನೆ ಕಲಿಯದೆ ಹೆಸರು ಕೊಡುವುದಕ್ಕೇ ಆಗುವುದಿಲ್ಲ. ಸೋತು ಬಂದರೂ ಆ ಐದಾರು ಕೃತಿ ಮಗುವಿನ ಹತ್ತಿರವೇ ಉಳಿಯುತ್ತವೆ. ಮೈಸೂರಿನ ಆಸ್ಥಾನದಲ್ಲಿದ್ದ ವಾಸುದೇವಾಚಾರ್ಯರು ಸಂಸ್ಕೃತದಲ್ಲೂ ತೆಲುಗಿನಲ್ಲೂ ಬರೆದರು. ಹಾಗಾಗಿ ಅರ್ಥ ಕೇಳಿ, ಪದ ಬಿಡಿಸಿ ಕಲಿಯುವ ರೂಢಿಯೂ ಬೆಳೆಯುತ್ತದೆ. ವರ್ಣದ ಸ್ಪರ್ಧೆ ಅಡಿಪಾಯ ನೋಡುವುದಕ್ಕೆ ಚೆನ್ನ. ಎರಡು ಕಾಲದಲ್ಲಿ ಹಾಡಿ ಅಂದರೆ ತಾಳದ ಬಂಡವಾಳ ಬಯಲಾಗುತ್ತದೆ. ಮನೋಧರ್ಮ (ಆ ಕ್ಷಣಕ್ಕೆ ಹೊಳೆದಂತೆ ಹಾಡುವುದು), ರಾಗ ತಾನ ಪಲ್ಲವಿ ಅಂತ ಇದ್ದರೆ ಹದಿನೈದು ಹದಿನಾರು ದಾಟಲಿ. ಅದಕ್ಕೂ ಮೊದಲು ಕಳಿಸಿದರೆ ಮಕ್ಕಳು ಕಲ್ಪನಾಸ್ವರವನ್ನೂ ಮೇಡಂ ಬರೆದುಕೊಟ್ಟ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ತೀರ್ಪುಗಾರರಿಗೆ ಅದು ಮೊದಲ ಆವರ್ತದಲ್ಲೇ ಗೊತ್ತಾಗುತ್ತದೆ.

ಯಾವ ಸ್ಪರ್ಧೆಗೆ ಹೋಗಬಾರದು ಅನ್ನುವುದು ಇನ್ನೂ ಸುಲಭ. ತೀರ್ಪುಗಾರರು ಯಾರು ಅಂತ ಕೊನೆಗೂ ಹೇಳುವುದಿಲ್ಲ. ಪ್ರವೇಶ ಶುಲ್ಕ ಸಾವಿರಗಟ್ಟಲೆ. ಬಂದವರಿಗೆಲ್ಲ ಒಂದೊಂದು ಬಿರುದು, ಒಂದೊಂದು ಟ್ರೋಫಿ, ಜೊತೆಗೆ ಫೋಟೋಗೆ ಬೇರೆ ದುಡ್ಡು. ವಿಡಿಯೋಗೆ ಯಾರು ಜಾಸ್ತಿ ಲೈಕ್ ತರುತ್ತಾರೋ ಅವರಿಗೆ ಬಹುಮಾನ. ಇಂಥವು ಕಂಡರೆ ಪೋಸ್ಟರ್ ಡಿಲೀಟ್ ಮಾಡಿ. ಒಳ್ಳೆಯದರ ಗುರುತು ಬೇರೆ. ವಯಸ್ಸಿನ ವಿಭಾಗ, ರಚನೆಗಳ ಪಟ್ಟಿ, ಸಮಯ ಎಲ್ಲವೂ ಮೊದಲೇ ಅಚ್ಚಾಗಿರುತ್ತದೆ. ಫಲಿತಾಂಶ ಆದಮೇಲೆ ತೀರ್ಪುಗಾರರು ಹತ್ತು ನಿಮಿಷ ಮಾತಾಡುತ್ತಾರೆ. "ಮೂರನೇ ನಂಬರಿನವರು ಮಂದ್ರದಲ್ಲಿ ಶ್ರುತಿ ಬಿಟ್ಟರು, ಏಳನೇ ನಂಬರಿನವರು ಪದ ಒಡೆದರು" ಅನ್ನುವ ಆ ಹತ್ತು ನಿಮಿಷ ಬಹುಮಾನಕ್ಕಿಂತ ಬೆಲೆಯದು. ಎಷ್ಟೋ ಜನ ಬಹುಮಾನ ಬರಲಿಲ್ಲ ಅಂತ ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ.

ಬೆಂಗಳೂರಿನವರಿಗೆ ಅನುಕೂಲ ಜಾಸ್ತಿ. 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜದಂಥ ಹಳೆಯ ಸಂಸ್ಥೆಗಳಿವೆ, ಮಲ್ಲೇಶ್ವರ, ಬಸವನಗುಡಿ, ಜಯನಗರದಲ್ಲಿ ಸಭೆಗಳಿವೆ. ದೂರದ ಊರಿನವರಿಗೆ ಆನ್‌ಲೈನ್ ಸ್ಪರ್ಧೆ ಒಂದು ದಾರಿ. ಒಂದೇ ಕೃತಿಯನ್ನು ಮೂವತ್ತು ಸಲ ರೆಕಾರ್ಡ್ ಮಾಡಿ ಒಳ್ಳೆಯದನ್ನು ಕಳಿಸಬಹುದು. ಅಭ್ಯಾಸವೇನೋ ಆಗುತ್ತದೆ, ಸಭಾಕಂಪನ ಮಾತ್ರ ಹೋಗುವುದಿಲ್ಲ.

ಶಾಲೆಯ ಪ್ರತಿಭಾ ಕಾರಂಜಿಯನ್ನೂ ಕಡೆಗಣಿಸಬೇಡಿ. ಅಲ್ಲಿ ಭಕ್ತಿಗೀತೆ, ಭಾವಗೀತೆಯದೇ ಜೋರು. ಹಾಗಿದ್ದರೂ ಮೈಕ್ ಮುಂದೆ ನಿಲ್ಲುವ ಧೈರ್ಯ ಬಹಳ ಮಕ್ಕಳಿಗೆ ಅಲ್ಲಿಂದಲೇ ಬಂದಿದೆ. ಕೇಂದ್ರ ಶಿಕ್ಷಣ ಇಲಾಖೆ 2015ರಿಂದ ನಡೆಸುವ ಕಲಾ ಉತ್ಸವದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಬೇರೆ ವಿಭಾಗವೇ ಇದೆ. ಹೈಸ್ಕೂಲಿನವರು ಮೇಷ್ಟ್ರನ್ನು ಕೇಳಿ ನೋಡಲಿ.

ಗೋಷ್ಠಿಯಲ್ಲಿ ಕೂತರೆ

ಪುಷ್ಯ ಮಾಸ ಬಂತೆಂದರೆ ಆರಾಧನೆಗಳ ಸುಗ್ಗಿ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರದು, ಅಮಾವಾಸ್ಯೆಗೆ ಪುರಂದರದಾಸರದು. ತಿರುವೈಯಾರಿನಲ್ಲಿ ಕಾವೇರಿ ದಡದಲ್ಲಿ ವಿದ್ವಾಂಸರೆಲ್ಲ ಸಾಲಾಗಿ ಕೂತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅದೇ ಐದು ಕೃತಿಗಳನ್ನು ನಮ್ಮ ಬಡಾವಣೆಯ ರಾಯರ ಮಠದಲ್ಲಿ, ದೇವಸ್ಥಾನದ ಹಾಲಿನಲ್ಲಿ, ಪಾಠದ ಮೇಡಂ ಮನೆಯ ಮಹಡಿ ಮೇಲೆ ಎಲ್ಲರೂ ಸೇರಿ ಹಾಡುತ್ತಾರೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ. ಐದೂ ಆದಿ ತಾಳ. ಮುಂದಿನ ಸಾಲಿನಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದವರು, ಹಿಂದಿನ ಸಾಲಿನಲ್ಲಿ ಪುಸ್ತಕ ಹಿಡಿದವರು, ಅಂಚಿನಲ್ಲಿ ಮಕ್ಕಳು.

ಏಳೆಂಟು ವರ್ಷದ ಮಗುವಿಗೆ ಐದೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಶ್ರೀರಾಗದ ಕೃತಿಯ ಪಲ್ಲವಿ ಬರುತ್ತದೆ, ಆರಭಿಯಲ್ಲಿ ಮತ್ತೆ ಮತ್ತೆ ಬರುವ ಸಾಲು ಬರುತ್ತದೆ. ಉಳಿದ ಕಡೆ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿರುತ್ತದೆ. ಅಷ್ಟರಲ್ಲೇ ಅದಕ್ಕೆ ಏನೇನು ಸಿಕ್ಕಿತು ನೋಡಿ. ಐವತ್ತು ದನಿ ಒಂದೇ ಶ್ರುತಿಗೆ ಸೇರುವುದು ಹೇಗೆ ಅಂತ ಕಿವಿಗೆ ಬಿತ್ತು. ತಾನು ತಪ್ಪಿದರೆ ಯಾರೂ ತಿರುಗಿ ನೋಡುವುದಿಲ್ಲ ಅಂತ ಗೊತ್ತಾಯಿತು. ಪಕ್ಕದಲ್ಲಿ ಕೂತ ಅಜ್ಜಿ ಪುಸ್ತಕವಿಲ್ಲದೆ ಹಾಡುವುದನ್ನು ಕಂಡಿತು. ಮುಂದಿನ ವರ್ಷ ಎರಡು ಚರಣ ಜಾಸ್ತಿ ಬರುತ್ತದೆ. ಹೀಗೆ ನಾಲ್ಕೈದು ವರ್ಷಕ್ಕೆ ಐದೂ ಕೃತಿ ಯಾರೂ ಗದರದೆ ಬಂದಿರುತ್ತವೆ.

ಒಂದು ತೊಂದರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗುಂಪಿನಲ್ಲಿ ಹಾಡುವಾಗ ತಪ್ಪು ಅಡಗಿಕೊಳ್ಳುತ್ತದೆ. ಸ್ವರಸ್ಥಾನ ಸ್ವಲ್ಪ ಆಚೀಚೆ ಇದ್ದರೂ ಐವತ್ತು ದನಿಯ ಮಧ್ಯೆ ಯಾರಿಗೂ ಕೇಳುವುದಿಲ್ಲ, ಮಗುವಿಗೂ ಕೇಳುವುದಿಲ್ಲ. ಬರೀ ಗೋಷ್ಠಿಯಲ್ಲೇ ಬೆಳೆದವರು ಒಂಟಿಯಾಗಿ ಕೂತಾಗ ದನಿ ಏಳುವುದಿಲ್ಲ. ಇನ್ನೊಂದು, ಪಾಠಾಂತರದ ಜಗಳ. ನಿಮ್ಮ ಗುರುಗಳು ಕಲಿಸಿದ ಸಂಗತಿ ಒಂದು, ಗೋಷ್ಠಿಯವರದು ಇನ್ನೊಂದು. ಇಂಥ ಕಡೆ ಗುಂಪಿನ ಪಾಠಾಂತರಕ್ಕೆ ಹೊಂದಿಕೊಳ್ಳುವುದೇ ಮರ್ಯಾದೆ.

ತಿರುವೈಯಾರಿನ ಮಾತು ಬಂದಾಗ ನಂಜನಗೂಡನ್ನು ಬಿಡುವ ಹಾಗಿಲ್ಲ. 1878ರಲ್ಲಿ ಅಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೇ ತಮ್ಮ ಸಂಪಾದನೆಯ ದುಡ್ಡು ಹಾಕಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು. ಆಗ ಅಲ್ಲಿ ಆರಾಧನೆ ನಡೆಸುತ್ತಿದ್ದವರು ಹೆಂಗಸರಿಗೆ ಹಾಡಲು ಬಿಡುತ್ತಿರಲಿಲ್ಲ. ನಾಗರತ್ನಮ್ಮ ಹೆಂಗಸರದೇ ಒಂದು ಗುಂಪು ಕಟ್ಟಿಕೊಂಡು ಬೇರೆಯೇ ಆರಾಧನೆ ನಡೆಸಿದರು. ಕೊನೆಗೆ 1940ರ ಹೊತ್ತಿಗೆ ಗುಂಪುಗಳೆಲ್ಲ ಒಂದಾದವು. ಇವತ್ತು ನಮ್ಮ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಹಾಡುವುದರ ಹಿಂದೆ ಆಕೆಯ ಹಟ ಇದೆ. ನಿಮ್ಮೂರಿನ ಉತ್ಸವ ಒಳ್ಳೆಯದೇ ಅಂತ ನೋಡುವಾಗ ಅಲ್ಲಿ ಯಾರನ್ನು ಕೂರಿಸುತ್ತಾರೆ, ಯಾರನ್ನು ಹೊರಗಿಡುತ್ತಾರೆ ಅನ್ನುವುದನ್ನೂ ನೋಡಿ. "ನಮ್ಮ ಪಾಠಶಾಲೆಯ ಮಕ್ಕಳಿಗೆ ಮಾತ್ರ" ಅನ್ನುವ ಗೋಷ್ಠಿಗಿಂತ "ಗೊತ್ತಿರುವವರೆಲ್ಲ ಬನ್ನಿ" ಅನ್ನುವ ಗೋಷ್ಠಿ ಮೇಲು.

ದಾಸರ ಆರಾಧನೆ ಮಕ್ಕಳಿಗೆ ಇನ್ನೂ ಹತ್ತಿರ. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ ಎಲ್ಲಾ ದಾಸರು ಹಾಕಿಕೊಟ್ಟ ದಾರಿ ಅಂತ ಮೊದಲ ಪಾಠದಲ್ಲೇ ಕೇಳಿರುತ್ತಾರೆ, ಮಾತು ಕನ್ನಡದ್ದೇ. ಬಾಲ ಪಾಠದ ಮಕ್ಕಳನ್ನೂ ಸೇರಿಸಿಕೊಂಡು ಹಾಡಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ. ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಇದೆ. ಆರಾಧನೆಯ ಹೊತ್ತಿಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಗುರುಪೂರ್ಣಿಮೆಗೆ ಚಿಂತಾಮಣಿ ಹತ್ತಿರದ ಕೈವಾರಕ್ಕೂ ಹೋಗಬಹುದು. ಅಲ್ಲಿ ಹಗಲು ರಾತ್ರಿ ಬಿಡುವಿಲ್ಲದೆ ಸಂಗೀತ ನಡೆಯುತ್ತದೆ, ಹೆಸರಾಂತವರ ಜೊತೆಗೆ ಹಳ್ಳಿಯ ಭಜನೆಯವರೂ ಹಾಡುತ್ತಾರೆ.

ಉತ್ಸವದ ವೇದಿಕೆ

ಇಲ್ಲಿ ಎರಡು ಬಗೆ. ಕೇಳಲು ಹೋಗುವ ದೊಡ್ಡ ಉತ್ಸವ, ಹಾಡಲು ಸಿಗುವ ಚಿಕ್ಕ ಉತ್ಸವ. ಎರಡೂ ಬೇಕು.

ಬೆಂಗಳೂರಿನಲ್ಲಿ ರಾಮನವಮಿ ಅಂದರೆ ಪಾನಕ, ಕೋಸಂಬರಿ, ಕಚೇರಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದ ಉತ್ಸವದಲ್ಲಿ ಹಾಡದ ದೊಡ್ಡವರಿಲ್ಲ. ಅದನ್ನು ನೋಡಿ ಬಡಾವಣೆಗೊಂದು ಮಂಡಳಿ ಹುಟ್ಟಿತು. ಮೈಸೂರಿನಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವ ಇನ್ನೊಂದು. ಬೀದಿಗೇ ಪೆಂಡಾಲ್ ಹಾಕಿ ದೇಶದ ದೊಡ್ಡ ದೊಡ್ಡ ವಿದ್ವಾಂಸರನ್ನು ಕೂರಿಸುತ್ತಾರೆ. ತರಕಾರಿ ತರಲು ಹೊರಟವರು ಚೀಲ ಹಿಡಿದೇ ನಿಂತು ತೋಡಿ ಕೇಳಿ ಹೋಗುತ್ತಾರೆ. ಟಿಕೆಟ್ಟಿಲ್ಲ, ಡ್ರೆಸ್ ಕೋಡಿಲ್ಲ, ಮಗು ಅಳುತ್ತದೆ ಅಂತ ಯಾರೂ ಮುಖ ಸಿಂಡರಿಸುವುದಿಲ್ಲ. ಕೇಳುಗರು ಹುಟ್ಟುವುದು ಇಂಥ ಕಡೆ. ಬೀದಿಗೆ ಇಪ್ಪತ್ತು ಜನ ಒಳ್ಳೆಯ ಕೇಳುಗರು ಇದ್ದರೆ ಅದೇ ಬೀದಿಯ ಮಗುವಿನ ಮೊದಲ ಕಚೇರಿಗೂ ಜನ ಸೇರುತ್ತಾರೆ.

ಚಿಕ್ಕ ವೇದಿಕೆಯಲ್ಲಿ ಹಾಡುವಾಗ ಮಗು ಕಲಿಯುವುದೇನು? ಮೊದಲನೆಯದು ಪಕ್ಕವಾದ್ಯ. ಪಾಠದಲ್ಲಿ ತಂಬೂರಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಇಲ್ಲಿ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಮೃದಂಗದವರು ಕಲ್ಲಿನಲ್ಲಿ ಬಡಿದು ಶ್ರುತಿ ಸೇರಿಸಿಕೊಂಡು "ಎಷ್ಟನೇ ಕಟ್ಟೆ ಮರಿ? ಐದೂವರೆನಾ?" ಅಂತ ಕೇಳುತ್ತಾರೆ. ವರ್ಣ ಶುರುವಾಗುತ್ತಿದ್ದಂತೆ ಮಗು ಗಾಬರಿಯಲ್ಲಿ ಕಾಲ ಏರಿಸುತ್ತದೆ. ಅನುಭವಸ್ಥ ಮೃದಂಗದವರು ಜೊತೆಗೆ ಓಡುವುದಿಲ್ಲ, ಎರಡು ಆವರ್ತದಲ್ಲಿ ಹಿಡಿದು ನಿಲ್ಲಿಸುತ್ತಾರೆ. ಮಗು ಎತ್ತುಗಡೆ ತಪ್ಪಿದರೆ ಒಂದು ಸಣ್ಣ ಮುಕ್ತಾಯ ಹಾಕಿ ಸಮ ತೋರಿಸುತ್ತಾರೆ. ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಮಗುವಿಗೆ ಮಾತ್ರ ಗೊತ್ತಾಗುತ್ತದೆ. ಇದನ್ನು ಯಾವ ತೀರ್ಪುಗಾರರೂ ಹೇಳಿಕೊಡಲಾರರು.

ಎರಡನೆಯದು ಪಟ್ಟಿ ಮಾಡುವುದು. ಮುಕ್ಕಾಲು ಗಂಟೆಗೆ ಏನೇನು ಹಾಡಬೇಕು? ವರ್ಣ, ಗಣಪತಿಯ ಕೃತಿ, ನಡುವೆ ಒಂದು ಚುರುಕಾದ್ದು, ಒಂದು ದೊಡ್ಡ ಕೃತಿ, ದೇವರನಾಮ, ಮಂಗಳ. ಒಂದಾದ ಮೇಲೊಂದು ಪ್ರತಿಮಧ್ಯಮ (ಏರಿದ ಮ ಇರುವ) ರಾಗವೇ ಬರದ ಹಾಗೆ, ಎಲ್ಲಾ ಆದಿ ತಾಳವೇ ಆಗದ ಹಾಗೆ. ಇದನ್ನು ಮಗುವಿನ ಕೈಯಲ್ಲೇ ಬರೆಸಿ, ಆಮೇಲೆ ಗುರುಗಳಿಗೆ ತೋರಿಸಿ.

ತೊಂದರೆಗಳೂ ಇವೆ. ಪೆಂಡಾಲಿನ ಮೈಕ್ ಸೆಟ್ಟಿನವರಿಗೆ ಆರ್ಕೆಸ್ಟ್ರಾದ ಅಭ್ಯಾಸ. ತಂಬೂರಿ ಕೇಳದ ಹಾಗೆ ಎಕೋ ಹಾಕಿಬಿಡುತ್ತಾರೆ. ಮೊದಲೇ ಹೋಗಿ ಎಕೋ ತೆಗೆಸಿ, ತಂಬೂರಿಗೆ ಬೇರೆ ಮೈಕ್ ಕೇಳಿ. ಆರು ಗಂಟೆಯ ಕಚೇರಿ ಗಣ್ಯರ ಭಾಷಣದಿಂದ ಎಂಟಕ್ಕೆ ಹೋಗಿ, ಹತ್ತೇ ನಿಮಿಷಕ್ಕೆ ಮುಗಿಸಿ ಅಂತ ಚೀಟಿ ಬರುವುದೂ ಉಂಟು. ಪಕ್ಕವಾದ್ಯದವರ ಸಂಭಾವನೆ ಯಾರು ಕೊಡುತ್ತಾರೆ ಅನ್ನುವುದನ್ನು ಮುಲಾಜಿಲ್ಲದೆ ಮೊದಲೇ ಕೇಳಿ. ಹಲವು ಕಡೆ ಹಾಡುವ ಮಗುವಿನ ಮನೆಯವರೇ ಕೊಡಬೇಕಾಗುತ್ತದೆ. ಅದು ತಪ್ಪಲ್ಲ. ಆದರೆ ವೇದಿಕೆಗೇ ದುಡ್ಡು ಕೇಳಿದರೆ ನಾನಂತೂ ಎದ್ದು ಬರುತ್ತೇನೆ.

ಸ್ವಲ್ಪ ದೊಡ್ಡವರಾದ ಮೇಲೆ ಯುವಕರಿಗೇ ಜಾಗ ಇಡುವ ಸಂಸ್ಥೆಗಳನ್ನು ನೋಡಿ. ಬೆಂಗಳೂರಿನ ಕರ್ನಾಟಕ ಗಾನಕಲಾ ಪರಿಷತ್ತು ಹಿರಿಯರಿಗೆ ಗಾನಕಲಾಭೂಷಣ ಕೊಟ್ಟ ಹಾಗೆ ಕಿರಿಯರಿಗೆ ಗಾನಕಲಾಶ್ರೀ ಬಿರುದು ಕೊಡುತ್ತದೆ. ಚೆನ್ನೈಯ ಡಿಸೆಂಬರ್ ಸೀಸನ್ನಿನಲ್ಲಿ ಮಧ್ಯಾಹ್ನದ ಕಚೇರಿಗಳು ಕಿರಿಯರವು, ಬಹಳ ಸಭೆಗಳಲ್ಲಿ ಟಿಕೆಟ್ ಇರುವುದಿಲ್ಲ. ಮಕ್ಕಳನ್ನು ಚೆನ್ನೈಗೆ ಕರೆದುಕೊಂಡು ಹೋದರೆ ಸಂಜೆಯ ಕಚೇರಿಗಿಂತ ಮಧ್ಯಾಹ್ನದ ಒಂದು ಕಚೇರಿ ಕೇಳಿಸಿ. ತನಗಿಂತ ನಾಲ್ಕೈದು ವರ್ಷ ದೊಡ್ಡವರು ಎಷ್ಟು ತಯಾರಿ ಮಾಡಿಕೊಂಡು ಬಂದಿದ್ದಾರೆ ಅಂತ ನೋಡಿದರೆ ಮನೆಗೆ ಬಂದು ತಾನೇ ತಂಬೂರಿ ಹಾಕಿಕೊಂಡು ಕೂರುತ್ತದೆ.

ಊರಿಗೇ ಸಂಗೀತ ಹಿಡಿಸಿದ ಉದಾಹರಣೆ ಬೇಕೆಂದರೆ ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ಚಿಕ್ಕ ಹಳ್ಳಿ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, ರುದ್ರಪಟ್ಟಣ ಸಹೋದರರ ಮೂಲವೂ ಅಲ್ಲೇ. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಗುಡಿ ಕಟ್ಟಿಸಿ ಸಂಗೀತೋತ್ಸವ ನಡೆಸಿಕೊಂಡು ಬಂದಿದ್ದಾರೆ. ನಗರದ ವಿದ್ವಾಂಸರು ಹಳ್ಳಿಗೆ ಬಂದು ಹಾಡುತ್ತಾರೆ, ಊರವರು ಮುಂದೆ ಕೂತು ಕೇಳುತ್ತಾರೆ.

ಧಾರವಾಡದ ಕಡೆಯವರಿಗೆ

ಹಿಂದೂಸ್ತಾನಿ ಕಲಿಯುವ ಮಕ್ಕಳಿಗೆ ಲೆಕ್ಕ ಸ್ವಲ್ಪ ಬೇರೆ. ಖ್ಯಾಲ್ ಏಳೆಂಟು ನಿಮಿಷಕ್ಕೆ ಒಗ್ಗುವ ಸರಕಲ್ಲ. ವಿಲಂಬಿತದ ಕೆಲವು ಆವರ್ತಕ್ಕೇ ಅಷ್ಟು ಹೊತ್ತು ಬೇಕು. ಹಾಗಾಗಿ ಸ್ಪರ್ಧೆಗೆ ಹೋಗುವವರು ಬಡಾ ಖ್ಯಾಲನ್ನು ಕತ್ತರಿಸಿ, ಛೋಟಾ ಖ್ಯಾಲಿಗೆ ಓಡಿ, ಕೊನೆಗೆ ತಾನ್‌ಗಳ (ವೇಗದ ಸ್ವರಗುಚ್ಛಗಳ) ಮಳೆ ಸುರಿಸಿ ಎದ್ದು ಬರುತ್ತಾರೆ. ತಾನ್ ಜೋರಾಗಿದ್ದವರಿಗೆ ಬಹುಮಾನ. ರಾಗದ ಬಢತ್ (ರಾಗವನ್ನು ನಿಧಾನವಾಗಿ ಬೆಳೆಸುವುದು) ಕಲಿಯಬೇಕಾದ ವಯಸ್ಸಿನಲ್ಲಿ ತಾನ್ ಹಿಂದೆ ಬೀಳುವುದು ಒಳ್ಳೆಯದಲ್ಲ ಅಂತ ಆ ಕಡೆಯ ಗುರುಗಳು ಬೈಯುವುದು ಸುಮ್ಮನೆ ಅಲ್ಲ. ಸಾಥ್‌ಗೆ ತಬಲಾ, ಪೇಟಿ (ಹಾರ್ಮೋನಿಯಂ) ಕೊಡುವ ಸ್ಪರ್ಧೆ, ಕನಿಷ್ಠ ಹದಿನೈದು ನಿಮಿಷ ಕೊಡುವ ಸ್ಪರ್ಧೆ ಇದ್ದರೆ ಮಾತ್ರ ಹೋಗಿ.

ಆ ಕಡೆ ಉತ್ಸವದ ಪರಂಪರೆ ಗಟ್ಟಿ. ಹುಬ್ಬಳ್ಳಿಯ ಪಕ್ಕದ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿ ಅಂದರೆ ರಾತ್ರಿಯಿಡೀ ಗಾಯನ. ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ್, ತೀರಿಕೊಂಡದ್ದು 1952ರಲ್ಲಿ. ಶಿಷ್ಯ ಭೀಮಸೇನ ಜೋಶಿ ಪುಣೆಯಲ್ಲಿ ಅವರ ಹೆಸರಿನ ಉತ್ಸವವನ್ನು ದೇಶಕ್ಕೇ ಗೊತ್ತಾಗುವಷ್ಟು ದೊಡ್ಡದು ಮಾಡಿದರು. ಕುಂದಗೋಳದ್ದು ಹಳ್ಳಿಯ ಅಂಗಳದಲ್ಲೇ ಉಳಿಯಿತು. ರಾತ್ರಿ ರಾಗಗಳಿಂದ ಹಿಡಿದು ಬೆಳಗಿನ ರಾಗದವರೆಗೆ ಅದರದರ ಹೊತ್ತಿನಲ್ಲೇ ಕೇಳಲು ಸಿಗುವ ಜಾಗ ಈಗ ಎಷ್ಟಿವೆ? ಏಳು ಗಂಟೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುವ ನಗರದ ಕಾರ್ಯಕ್ರಮದಲ್ಲಿ ಬೆಳಗಿನ ರಾಗವಾದ ಲಲತ್ ಎಲ್ಲಿ ಸಿಗಬೇಕು? ಹದಿನಾಲ್ಕು ಹದಿನೈದರ ಮಕ್ಕಳನ್ನು ಒಂದು ಸಲ ಅಲ್ಲಿ ರಾತ್ರಿ ಎಚ್ಚರ ಇರಿಸಿ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಯಾವ ಖಾನೆಗೆ ಹಾಕುವುದು? ಅದು ಸ್ಪರ್ಧೆಯೂ ಅಲ್ಲ, ಬರೀ ಉತ್ಸವವೂ ಅಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟ ವಸತಿ ಕೊಟ್ಟು ಸಂಗೀತ ಕಲಿಸಿದರು. ಇಬ್ಬರೂ ಸ್ವತಃ ಅಂಧರು. ಉತ್ತರ ಕರ್ನಾಟಕದ ಮಠ, ಜಾತ್ರೆ, ಪುರಾಣದ ವೇದಿಕೆಗಳಲ್ಲಿ ಪೇಟಿ ತಬಲಾ ಹಿಡಿದು ಕೂತವರನ್ನು ಮಾತಾಡಿಸಿ ನೋಡಿ, ಅಲ್ಲಿ ಕಲಿತವರು ಸಿಗುತ್ತಾರೆ. ಈ ವೇದಿಕೆಗಳಲ್ಲಿ ಹಾಡುವ ಮಗುವಿಗೆ ಸಿಗುವ ಕೇಳುಗರು ಸಭೆಯ ಕೇಳುಗರಲ್ಲ. ಬೇಸರವಾದರೆ ಎದ್ದು ಹೋಗುತ್ತಾರೆ, ಹಿಡಿಸಿದರೆ ಇನ್ನೊಂದು ವಚನ ಹಾಡು ತಂಗಿ ಅನ್ನುತ್ತಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದಾಗ ಗಂಗೂಬಾಯಿ ಹಾನಗಲ್ ಅವರಿಗೆ 11 ವರ್ಷ. ಯಾವ ಬಹುಮಾನವೂ ಇಲ್ಲದ ವೇದಿಕೆ ಅದು.

ಪರೀಕ್ಷೆ, ಆಕಾಶವಾಣಿ, ವಿದ್ಯಾರ್ಥಿವೇತನ

ಇವು ವೇದಿಕೆಗಳಲ್ಲ, ಮೆಟ್ಟಿಲುಗಳು. ಬೇಗ ಹೇಳಿ ಮುಗಿಸುತ್ತೇನೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಲಾಭ ಶಿಸ್ತು. ಶಾಸ್ತ್ರ ಓದಿಸುತ್ತವೆ, ಬಿಟ್ಟುಹೋದ ಅಭ್ಯಾಸಗಾನವನ್ನು ಮತ್ತೆ ತೆಗೆಸುತ್ತವೆ. ಉತ್ತರದ ಕಡೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗಿನ ಪರೀಕ್ಷೆಗಳನ್ನೂ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ವರ್ಷ ಮಾತ್ರ ಬಿಟ್ಟುಬಿಡಿ.

ಆಕಾಶವಾಣಿ 16ರಿಂದ 24 ವರ್ಷದವರಿಗೆ ಸಂಗೀತ ಸ್ಪರ್ಧೆ ನಡೆಸುತ್ತದೆ. ನನ್ನ ಕೇಳಿದರೆ ದೊಡ್ಡ ಮಕ್ಕಳು ಗುರಿ ಇಡಬೇಕಾದ ಸ್ಪರ್ಧೆ ಇದೇ. ಅದಲ್ಲದೆ ಆಡಿಷನ್ ಬೇರೆ ಇದೆ. ಅದರಲ್ಲಿ ಸಿಗುವ ಬಿ, ಬಿ ಹೈ, ಎ ಅನ್ನುವ ದರ್ಜೆಯನ್ನು ಸಭೆಗಳವರು ಇವತ್ತಿಗೂ ಕೇಳುತ್ತಾರೆ.

ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯಾದ ಸಿಸಿಆರ್‌ಟಿಯ ವಿದ್ಯಾರ್ಥಿವೇತನಕ್ಕೆ 10ರಿಂದ 14 ವರ್ಷದ ಮಕ್ಕಳು ಅರ್ಜಿ ಹಾಕಬಹುದು. ಮೊತ್ತ ದೊಡ್ಡದಲ್ಲ. ಆದರೆ ಅರ್ಜಿ ಹಾಕಿದ ಮಗುವನ್ನು ಬಲ್ಲವರು ಕೂತು ಕೇಳುತ್ತಾರೆ. ವಯಸ್ಸು ದಾಟಿದ ಮೇಲೆ ಗೊತ್ತಾಗಿ ಕೈ ಹಿಸುಕಿಕೊಳ್ಳುವವರೇ ಜಾಸ್ತಿ.

ವಾದ್ಯದ ಮಕ್ಕಳು

ಮೃದಂಗ, ತಬಲಾ, ಘಟ, ಖಂಜಿರ ಕಲಿಯುವವರಿಗೆ ಸ್ಪರ್ಧೆಯಲ್ಲಿ ತನಿ (ಒಂಟಿ ವಾದನ) ಮಾತ್ರ ನುಡಿಸಲು ಸಿಗುತ್ತದೆ. ಅವರ ನಿಜವಾದ ವಿದ್ಯೆ ಇನ್ನೊಬ್ಬರು ಹಾಡುವಾಗ ನುಡಿಸುವುದು. ಹಾಗಾಗಿ ಲಯವಾದ್ಯದ ಮಕ್ಕಳನ್ನು ಗೋಷ್ಠಿಗೆ ತಪ್ಪದೆ ಕಳಿಸಿ. ಪಂಚರತ್ನಕ್ಕೆ ಹಿಂದಿನ ಸಾಲಿನಲ್ಲಿ ಕೂತು ಗುರುಗಳ ಕೈ ನೋಡಿಕೊಂಡು ನುಡಿಸಿದರೂ ಸಾಕು. ಪಿಟೀಲಿನ ಮಕ್ಕಳದು ಇನ್ನೂ ಒಳ್ಳೆಯ ಅದೃಷ್ಟ, ಹಾಡುವ ಪ್ರತಿ ಮಗುವಿಗೂ ಅವರು ಬೇಕು. ವೀಣೆಯವರ ಗೋಳು ಬೇರೆ. ಆಟೋದಲ್ಲಿ ಹಿಡಿಸುವುದಿಲ್ಲ, ಬಿಸಿಲಿಗೆ ಮೇಣ ಸಡಿಲವಾಗಿ ಅದರ ಮೇಲೆ ಕೂರಿಸಿದ ಮೆಟ್ಟಿಲು ಅಲುಗುತ್ತದೆ, ಸ್ಪರ್ಧೆಯ ಕೋಣೆಯಲ್ಲಿ ಶ್ರುತಿ ಮಾಡಿಕೊಳ್ಳಲು ಎರಡು ನಿಮಿಷವೂ ಕೊಡುವುದಿಲ್ಲ. ವಾದ್ಯಕ್ಕೆ ಶ್ರುತಿ ಮಾಡುವ ಸಮಯ ಬೇರೆ ಕೊಡುತ್ತೀರಾ ಅಂತ ಫೋನ್ ಮಾಡಿ ಕೇಳಿ. ಕೊಡುವುದಿಲ್ಲ ಅಂದರೆ ಹೋಗಬೇಡಿ.

ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ತ್ಯಾಗರಾಜ ಉತ್ಸವ ನಡೆಯುತ್ತಿದೆ, ಈಸ್ಟರ್ ಆಸುಪಾಸಿನಲ್ಲಿ. ಅಲ್ಲಿ ಸ್ಪರ್ಧೆ, ಪಂಚರತ್ನ, ದೊಡ್ಡವರ ಕಚೇರಿ ಮೂರೂ ಒಂದೇ ಸೂರಿನಡಿ. ದೂರದ ಊರಿನಲ್ಲಿ ವಿಡಿಯೋ ಪಾಠದಲ್ಲೇ ಕಲಿಯುವ ಮಗುವಿಗೆ ತನ್ನ ವಯಸ್ಸಿನವರು ಇಷ್ಟೊಂದು ಜನ ಇದ್ದಾರೆ ಅಂತ ಗೊತ್ತಾಗುವುದು ಅಲ್ಲೇ. ಸ್ಪರ್ಧೆಗೆಂದೇ ಹೋಗಿ ಮಾರನೇ ದಿನ ವಿಮಾನ ಹತ್ತಬೇಡಿ, ಇನ್ನೆರಡು ದಿನ ಕೂತು ಕೇಳಿ. ಬೇಸಿಗೆಯಲ್ಲಿ ಊರಿಗೆ ಬಂದಾಗ ಇಲ್ಲಿನ ಸಣ್ಣ ವೇದಿಕೆಯೊಂದನ್ನು ಗುರುಗಳ ಮೂಲಕ ಗೊತ್ತು ಮಾಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಎಂಟು ವರ್ಷ, ಗೀತೆ ಹಂತ, ನಾಚಿಕೆ ಜಾಸ್ತಿ. ದಾಸರ ಆರಾಧನೆ, ಶಾಲೆಯ ವೇದಿಕೆ. ಸ್ಪರ್ಧೆ ಬೇಡ. ಅದೇ ವಯಸ್ಸು, ಆದರೆ ವೇದಿಕೆ ಕಂಡರೆ ಓಡುವ ಮಗು: ಒಂದು ದೇವರನಾಮದ ಸ್ಪರ್ಧೆಗೆ ಹೋಗಲಿ, ಸೋಲಲಿ, ಐಸ್‌ಕ್ರೀಂ ತಿಂದು ಬರಲಿ.

ಹದಿಮೂರು ವರ್ಷ, ಹದಿನೈದು ಇಪ್ಪತ್ತು ಕೃತಿ ಕೈಯಲ್ಲಿವೆ, ಮನೆಯವರಿಗೆ ಬಹುಮಾನದ ಹುಚ್ಚು ಹಿಡಿದಿದೆ. ಇಲ್ಲಿ ಜಾಗ್ರತೆ. ಸ್ಪರ್ಧೆಗೆಂದು ಅದೇ ನಾಲ್ಕು ಕೃತಿಗಳನ್ನು ವರ್ಷವಿಡೀ ಉಜ್ಜುತ್ತಾ ಹೊಸ ಪಾಠ ನಿಂತುಹೋಗುತ್ತದೆ. ಗುರುಗಳು ಮುಖ ನೋಡಿ ಹೇಳಲಾರರು. ಹೊಸ ಕೃತಿ ಎರಡು ತಿಂಗಳಿಂದ ಆಗಿಲ್ಲ ಅಂದರೆ ಸ್ಪರ್ಧೆ ನಿಲ್ಲಿಸುವ ಹೊತ್ತು ಅಂತಲೇ ಲೆಕ್ಕ. ಬದಲಿಗೆ ಗಣಪತಿ ಪೆಂಡಾಲಿನ ಮುಕ್ಕಾಲು ಗಂಟೆ ಒಪ್ಪಿಕೊಳ್ಳಿ.

ಹದಿನೇಳು, ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ಆಕಾಶವಾಣಿ, ರಾಗ ತಾನ ಪಲ್ಲವಿಯ ಸ್ಪರ್ಧೆ, ಯುವ ಕಚೇರಿ ಮೂರೂ ಬೇಕು, ವಿದ್ವತ್ ಪಕ್ಕದಲ್ಲಿ ನಡೆಯಲಿ. ವೃತ್ತಿಯ ಯೋಚನೆ ಇಲ್ಲ, ಇಂಜಿನಿಯರಿಂಗಿಗೆ ಹೋಗುತ್ತಾರೆ ಅಂದರೆ ಗೋಷ್ಠಿ ಬಿಡದಿರಲಿ. ಹಾಸ್ಟೆಲಿನ ನಾಲ್ಕು ವರ್ಷದಲ್ಲಿ ದನಿ ಉಳಿಯುವುದು ಅದರಿಂದಲೇ. ಕಾಲೇಜಿನ ಯುವಜನೋತ್ಸವದಲ್ಲೂ ಶಾಸ್ತ್ರೀಯ ಗಾಯನಕ್ಕೆ, ವಾದನಕ್ಕೆ ವಿಭಾಗಗಳಿರುತ್ತವೆ. ವಿದ್ಯಾರ್ಥಿಗಳಿಗೆ ಶಾಸ್ತ್ರೀಯ ಕಲೆ ಕೇಳಿಸುವ ಸ್ಪಿಕ್ ಮೆಕೆ ಸಂಸ್ಥೆಯವರು ಕ್ಯಾಂಪಸ್ಸಿಗೇ ದೊಡ್ಡವರನ್ನು ಕರೆಸುತ್ತಾರೆ.

ನಿಮ್ಮೂರಲ್ಲಿ ಇದ್ಯಾವುದೂ ಇಲ್ಲವೇ? ದೇವಸ್ಥಾನದ ಹಾಲ್ ಕೇಳಿ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ. ಮೂರು ಮಕ್ಕಳು, ತಲಾ ಹದಿನೈದು ನಿಮಿಷ, ಉಳಿದದ್ದರಲ್ಲಿ ಎಲ್ಲರೂ ಸೇರಿ ಎರಡು ದೇವರನಾಮ. ಮೈಕ್ ಬೇಡ, ಶಾಮಿಯಾನ ಬೇಡ, ಮುಖ್ಯ ಅತಿಥಿಯಂತೂ ಬೇಡವೇ ಬೇಡ. ಒಬ್ಬ ಮೃದಂಗದವರಿಗೋ ತಬಲಾದವರಿಗೋ ಸಂಭಾವನೆ ಹೊಂದಿಸಿದರೆ ಸಾಕು, ನಾಲ್ಕು ಮನೆಯವರು ಹಂಚಿಕೊಂಡರೆ ಯಾರಿಗೂ ಹೊರೆಯಲ್ಲ. ಮೊದಲ ತಿಂಗಳು ಅಪ್ಪ ಅಮ್ಮಂದಿರೇ ಇರುತ್ತಾರೆ. ನಾಲ್ಕನೇ ತಿಂಗಳಿಗೆ ದರ್ಶನಕ್ಕೆ ಬಂದವರು ಕೂರತೊಡಗುತ್ತಾರೆ. ಯಾರು ಯಾವತ್ತು ಹಾಡಬೇಕು ಅನ್ನುವ ಪಟ್ಟಿಯನ್ನು ದೊಡ್ಡ ಮಕ್ಕಳಿಗೇ ವಹಿಸಿ. ಅರ್ಚಕರ ಹತ್ತಿರ ಮಾತ್ರ ಮಹಾಮಂಗಳಾರತಿ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಆಲಾಪನೆಯ ಮಧ್ಯೆ ಗಂಟೆ ಬಾರಿಸುತ್ತದೆ.